ಮುದ್ರೆ ಕಾಣದ ಮಡಿಕೆ

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಲಾಂಡ್ರಿ ಮುಂದೆ ಹೋರಾಟದ ಬ್ಯಾನರ್ ಬಿಚ್ಚಿದ ಕಾರ್ಮಿಕರು ಬೆಪ್ಪಾಗಿ ನಿಂತರು. "ಇಸ್ತ್ರಿ ಯಂತ್ರಕ್ಕೆ ತಡೆಕಂಬಿ ಹಾಕಿ" ಎಂದು ಬರೆದಿಟ್ಟಿದ್ದ ಬೆಡ್‌ಶೀಟ್ ಮಾಯ. ಅದರ ಜಾಗದಲ್ಲಿ ಇನ್ನೊಂದು ಬೆಡ್‌ಶೀಟು, "ಹೊರಗಿನವರನ್ನು ಓಡಿಸಿ" ಎಂಬ ದಪ್ಪಕ್ಷರ.

ಕೈ ಒಳಗೆ ಹೋಗದಂತೆ ತಡೆಯುವ ಆ ಕಂಬಿಯಿಲ್ಲದೆ ಯಂತ್ರದಲ್ಲಿ ಕೈ ಸುಟ್ಟುಕೊಂಡವಳೇ ಹೊರನಾಡಿನಿಂದ ದುಡಿಯಲು ಬಂದವಳು. ಹತ್ತಕ್ಕೆ ನಿರ್ದೇಶಕರಿಗೆ ಆ ಕೈ ತೋರಿಸಬೇಕಾದವಳೂ ಅವಳೇ. ಓದಿದವಳೇ ಚೀಲ ಹೆಗಲಿಗೇರಿಸಿದಳು.

ಬಟ್ಟೆ ಮಡಚುವ ಮೇಜಿನ ಅಕ್ಕ ಅಡ್ಡ ನಿಂತಳು. ಇಪ್ಪತ್ತು ವರ್ಷದ ಸರ್ವಿಸು. ಕಂಡವರ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ಎತ್ತಿದ ಕೈ.

"ಅರ್ಧ ಗಂಟೆ ಕೂತ್ಕೋ ತಂಗಿ. ಬರೆದವರನ್ನ ಹಿಡಿದು ಕೊಡ್ತೀನಿ. ಆಮೇಲೂ ಹೋಗ್ಬೇಕು ಅನ್ಸಿದ್ರೆ ಹೋಗು."

*

ನಿನ್ನೆ ಸಂಜೆಯಿಂದ ಬ್ಯಾನರ್ ಮಡಚಿಟ್ಟಿದ್ದ ಕೋಣೆಗೆ ಹೋದವರು ಇಬ್ಬರೇ. ಒಬ್ಬ ಲಾಂಡ್ರಿಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿ. ಇನ್ನೊಬ್ಬ, ಹೋರಾಟವನ್ನು ಫೋನಲ್ಲಿ ಹಿಡಿದು ಹಾಕುವ ವಿಡಿಯೊ ಅಣ್ಣ. ತಾನೂ ಬೇರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತು ವರ್ಷ ದುಡಿದವನೆಂದು ಹೇಳಿಕೊಂಡು, ಹೋರಾಟದ ಆನ್‌ಲೈನ್ ಗುಂಪಿನ ಮೂಲಕ ಬಂದು ಸೇರಿಕೊಂಡವನು.

ಮೇಸ್ತ್ರಿಯ ಬೆರಳ ತುಂಬಾ ಕಪ್ಪು ಮಸಿ. ಮ್ಯಾನೇಜ್‌ಮೆಂಟಿನ ಚೇಲಾ ಅವನೇ ಎಂದು ವಿಡಿಯೊ ಅಣ್ಣ ಎಲ್ಲರಿಗಿಂತ ಜೋರಾಗಿ ಕೂಗಿದ. ಬಟ್ಟೆ ಮೂಟೆಗಳಿಗೆ ನಂಬರ್ ಬರೆದ ಮಸಿ ಇದು ಎಂದು ಮೇಸ್ತ್ರಿ ಅಳುವುದೊಂದು ಬಾಕಿ.

ಅಕ್ಕ ವಾದಕ್ಕಿಳಿಯಲಿಲ್ಲ. ಒಗೆದ ಎರಡು ಬೆಡ್‌ಶೀಟ್ ತಂದು ಇಬ್ಬರ ಕೈಗಿತ್ತು, ವಾರ್ಡಿನವರು ಕಾಯುತ್ತಿದ್ದಾರೆ, ಮಡಚಿಕೊಡಿ ಎಂದಳು. ಮೇಸ್ತ್ರಿ ಗೊಣಗುತ್ತಾ ಮಡಚಿದ. ವಿಡಿಯೊ ಅಣ್ಣ ಅಂಗಡಿಯ ಮಾಲಿನಂತೆ ನೀಟಾಗಿ ಮಡಚಿದ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ.

*

"ವಾರ್ಡಿನ ಮುದ್ರೆ ಎಲ್ಲಪ್ಪಾ?" ಎಂದಳು. "ಮೇಸ್ತ್ರಿ ಮಡಚಿದ್ದು ನೋಡು, ಮೇಲೇ ಇದೆ. ಯಾವ ವಾರ್ಡಿಂದು ಅಂತ ಬಿಚ್ಚದೇ ನರ್ಸಮ್ಮಂಗೆ ಕಾಣ್ಬೇಕು. ನಿದ್ದೆಗಣ್ಣಲ್ಲೂ ನಮ್ಮ ಕೈ ಹಾಗೇ ಮಡಚುತ್ತೆ. ನಿಂದು ಒಳಗೆ ಹೋಗಿದೆ. ಬೆಳಿಗ್ಗೆ ಬಿಚ್ಚೋ ಮುಂಚೆ ಆ ಬ್ಯಾನರ್ ನೋಡಿದ್ದೆ, ಅದರ ಮುದ್ರೆನೂ ಒಳಗೇ ಇತ್ತು."

ಒಗೆಯುವ ಯಂತ್ರದವಳು ಅಷ್ಟರಲ್ಲಿ ಫೋನ್ ಮುಂದೆ ಹಿಡಿದಳು. ಹೊರಗಿನವರ ಮೇಲೆ ದ್ವೇಷ ಕಾರುವ ಪೇಜೊಂದರಲ್ಲಿ ಇದೇ ಬ್ಯಾನರ್ ಫೋಟೊ, ಕೆಳಗೆ "ಲಾಂಡ್ರಿ ಕಾರ್ಮಿಕರು ನಮ್ಮ ಜೊತೆ". ಹಾಕಿದ್ದು ಏಳಕ್ಕೆ. ಬ್ಯಾನರ್ ಬಿಚ್ಚಿದ್ದೇ ಎಂಟಕ್ಕೆ.

ವಿಡಿಯೊ ಅಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಪೇಜು ತಮ್ಮವರದೇ ಎಂದು ಒಪ್ಪಿಕೊಂಡ. "ನಿಮ್ಮನ್ನ ಯಾರು ಕೇಳ್ತಿದ್ರು? ನಿಮ್ಮ ವಿಡಿಯೊ ಐವತ್ತು ಸಾವಿರ ಜನ ನೋಡೋ ಹಾಗೆ ಮಾಡಿದ್ದು ನಾವು."

"ನಮ್ಮ ಗಾಯ ತೋರಿಸಿ ನಿಮ್ಮ ಜನ ಸೇರಿಸ್ಕೊಂಡ್ರಿ," ಎಂದಳು ಅಕ್ಕ. "ಗಾಯ ಆದವಳನ್ನೇ ಓಡಿಸೋಕೆ ಹೊರಟ್ರಿ."

ಅವನು ಗೇಟು ದಾಟುವಾಗ ಯಾರೂ ತಿರುಗಿ ನೋಡಲಿಲ್ಲ. ತಂಗಿ ಚೀಲ ಕೆಳಗಿಟ್ಟಿದ್ದಳು.

ಹತ್ತಕ್ಕೆ ನಿರ್ದೇಶಕರು ಅವಳ ಕೈ ನೋಡಿ, ವಾರದೊಳಗೆ ತಡೆಕಂಬಿ ಹಾಕಿಸುವುದಾಗಿ ಸಹಿ ಮಾಡಿದರು. ಪೆನ್ನು ಮುಚ್ಚುತ್ತಾ, ನೀನು ಎಲ್ಲಿಯವಳಮ್ಮಾ ಎಂದು ಕೇಳಿದರು.

"ಲಾಂಡ್ರಿಯವಳು ಸಾರ್," ಎಂದಳು ತಂಗಿ.