ಕೊನೆಯ ನೆಲಬಾಂಬು

ಟಪ್ಪೆಂದು ಬಲೂನು ಒಡೆಯಿತು. ಮರಳು ಗುಡ್ಡೆಯ ಹಿಂದೆ ಅಡಗಿದ್ದ ವಾರಿಜಾ ಎದ್ದು ಕುಣಿದಳು. ಕುಣಿಯುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಸಿಕ್ಕಿಬಿದ್ದದ್ದು ಎದುರು ತಂಡದ ಸೀನು ಅಲ್ಲ, ಇಟ್ಟಮಡುವಿನ ಬೋರಣ್ಣ ತಾತ. ಅವರ ಬಿಳಿ ಪಂಚೆ ಮಂಡಿಯವರೆಗೂ ಕೆಂಪಾಗಿತ್ತು.

ಅರಿಶಿನ, ಸುಣ್ಣ ಕಲಸಿದ ಓಕುಳಿ ನೀರನ್ನು ಬಲೂನಿಗೆ ತುಂಬಬೇಕು. ಸಣ್ಣ ಗುಂಡಿಯಲ್ಲಿಟ್ಟು ಮೇಲೆ ಪೇಪರು ಹಾಸಿ, ಮಣ್ಣು ಉದುರಿಸಬೇಕು. ಅದೇ ನೆಲಬಾಂಬು. ಬನಶಂಕರಿ ಮೂರನೇ ಸ್ಟೇಜಿನ ಖಾಲಿ ಸೈಟುಗಳಲ್ಲಿ ಬೇಸಿಗೆ ರಜೆ ಪೂರ್ತಿ ಇದೇ ಆಟ. ಕಾಲು ಕೆಂಪಾದವರು ಔಟ್. ಎದುರಿನವರ ಸೈಟ್ ಕಲ್ಲಿಗೆ ಕಟ್ಟಿದ ಕರ್ಚೀಫು ಕಿತ್ತುಕೊಂಡವರು ಗೆದ್ದಂತೆ.

ಹುಡುಗಿಯನ್ನು ಸೇರಿಸಿಕೊಳ್ಳಲು ಕ್ಯಾಪ್ಟನ್ ಕಿಟ್ಟಿಗೆ ಮನಸ್ಸೇ ಇರಲಿಲ್ಲ. "ಭಾನುವಾರದೊಳಗೆ ನಿನ್ನ ಬಾಂಬಿಗೆ ಸೀನು ಸಿಕ್ಕಿದ್ರೆ ಟೀಮಲ್ಲಿರು. ಇಲ್ದಿದ್ರೆ ಮನೇಲಿ ಕುಂಟೆಬಿಲ್ಲೆ ಆಡ್ಕೋ" ಎಂದಿದ್ದ.

ಸೀನು ಬಲು ಚಾಲಾಕು. ಕಾಲುದಾರಿಯ ಮೇಲೆ ಕಾಲನ್ನೇ ಇಡುತ್ತಿರಲಿಲ್ಲ. ಅದಕ್ಕೇ ವಾರಿಜಾ ದಾರಿ ಬಿಟ್ಟು, ಯಾರೂ ಓಡಾಡದ ಕಡೆ ಬಾಂಬು ಹೂತಿದ್ದಳು. ಈಗ ನೋಡಿದರೆ ಹೀಗಾಗಿತ್ತು. ಕಿಟ್ಟಿ ಮತ್ತು ಉಳಿದವರು ಆಗಲೇ ಪರಾರಿ.

ವಾರಿಜಾ ಅಳುಮುಖ ಮಾಡಿಕೊಂಡು ತಾತನ ಹತ್ತಿರ ಹೋದಳು.

"ದಾರಿ ಅಷ್ಟಗಲ ಐತೆ. ಇಲ್ಯಾಕವ್ವ ಇಟ್ಟೆ?" ಎಂದರು ಪಂಚೆ ಹಿಂಡುತ್ತಾ.

"ಇಲ್ಲಿ ಯಾರೂ ಓಡಾಡಲ್ಲ ಅಂದ್ಕೊಂಡೆ ತಾತ."

"ನಾನು ಓಡಾಡ್ತೀನಲ್ಲ."

ಅದೂ ನಿಜವೇ. ದಿನಾ ಸಂಜೆ ತಾತ ಇಲ್ಲಿ ನೇರವಾಗಿ ನಡೆದು ಬರುತ್ತಿದ್ದರು. ಒಂದು ಕಡೆ ಏನೂ ಇಲ್ಲದ ಬಯಲಿಗೆ ಅರ್ಧ ಸುತ್ತು ಹಾಕಿ, ಮತ್ತೆ ನೇರ ಹೋಗುತ್ತಿದ್ದರು. ಹುಡುಗರೆಲ್ಲ ಅದನ್ನು ನೋಡಿ ನಗುತ್ತಿದ್ದರು. ಹಾಗೇಕೆಂದು ವಾರಿಜಾ ಕೇಳಿಯೇಬಿಟ್ಟಳು.

ಇದೆಲ್ಲ ತಾತನ ರಾಗಿ ಹೊಲವಾಗಿತ್ತಂತೆ. ಅವರು ಈಗಲೂ ನಡೆಯುವುದು ಹಳೇ ಬದುವಿನ ಜಾಡಿನಲ್ಲೇ. ಲೇಔಟ್ ಮಾಡುವಾಗ ಬದು ಹೋಯಿತು, ಬಾವಿಯನ್ನೂ ಮುಚ್ಚಿದರು.

"ಬಾವಿ ಇದ್ದಿದ್ದು ಇಲ್ಲೇ ಕಣವ್ವ. ಮುಚ್ಚಿ ಎಂಟು ವರ್ಷ ಆಯ್ತು. ಆದ್ರೂ ಅದ್ರ ಮೇಲೆ ಕಾಲಿಡಕ್ಕೆ ಮನಸ್ಸು ಬರಾಕಿಲ್ಲ."

ತಾತ ಸುತ್ತು ಹಾಕುವ ಕಡೆ ಕೈ ತೋರಿಸಿದರು. ವಾರಿಜಾ ನೋಡಿದಳು. ಒಂದಿಷ್ಟು ಕಳೆ ಗಿಡ, ಒಂದು ಹರಿದ ಚಪ್ಪಲಿ, ಅಷ್ಟೇ. ತಾತ ಮಾತ್ರ ಬಾವಿಯ ನೀರನ್ನು ಇಣುಕಿ ನೋಡುವವರಂತೆ ನಿಂತಿದ್ದರು. ಅವಳಿಗೆ ಪಾಪ ಅನ್ನಿಸಿತು.

ಭಾನುವಾರ ಉಳಿದಿದ್ದು ಒಂದೇ ಬಲೂನು. ತಾತನ ಜಾಡಿನಲ್ಲೇ ಇಡು ಎಂದು ಕಿಟ್ಟಿ ಹಟ ಹಿಡಿದ. ನಿನ್ನೆಯ ಕತೆ ಗೊತ್ತಿರುವ ಸೀನು, ಅಲ್ಲಿ ಮತ್ತೆ ಇಡಲಾರರೆಂದು ನಂಬಿ ಆ ಕಡೆಯಿಂದಲೇ ಬರುತ್ತಾನೆಂದು ಅವನ ವಾದ. ವಾರಿಜಾ ಒಪ್ಪಲಿಲ್ಲ. ಹಾಗಾದರೆ ಇದೇ ನಿನ್ನ ಕೊನೇ ಆಟ ಎಂದು ಕಿಟ್ಟಿ ಗುಡುಗಿದ.

ತಾತ ಖಂಡಿತ ಕಾಲಿಡದ ಜಾಗ ಎಲ್ಲಿದೆ? ವಾರಿಜಾ ಯೋಚಿಸಿದಳು. ನಂತರ ಬಾವಿಯ ಹತ್ತಿರ ಹೋಗಿ, ಅಂಚಿನಲ್ಲಿ ಒಂದು ಗಳಿಗೆ ಅಳುಕುತ್ತಾ ನಿಂತು, ನಟ್ಟನಡುವೆ ಬಲೂನು ಹೂತು ಬಂದಳು.

ಸಂಜೆ ತಾತ ಬಂದರು. ಅವರ ಬೆನ್ನ ಹಿಂದೆಯೇ ಸೀನು, ಅವರು ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡುತ್ತಾ! ತಾತ ನಡೆಯುವಲ್ಲಿ ಇವತ್ತು ಬಾಂಬು ಇರುವುದಿಲ್ಲ ಎಂದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ತಾತ ಸುತ್ತು ಹಾಕಲು ತಿರುಗಿದರು. ವಾರಿಜಾಳ ತಂಡದ ಕರ್ಚೀಫು ಎದುರಿಗೇ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಸೀನುವಿಗೆ ತಡೆಯಲಾಗಲಿಲ್ಲ. ಬಯಲಿಗೆ ಯಾರು ಸುತ್ತು ಹಾಕುತ್ತಾರೆಂದು ನೇರ ಓಡಿದ.

ಟಪ್!

"ಬಾವಿಗೆ ಬಿದ್ನಾ?" ಎಂದು ತಾತ ತಿರುಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀನುವಿನ ಕಾಲು ಕೆಂಪು, ಮುಖವೂ ಕೆಂಪು. ಅವನಿಲ್ಲದ ತಂಡವನ್ನು ಸೋಲಿಸುವುದು ಕಷ್ಟವಾಗಲಿಲ್ಲ. ನೀನು ಇನ್ನು ಟೀಮಲ್ಲಿ ಪರ್ಮನೆಂಟು ಎಂದು ಕಿಟ್ಟಿ ಎಲ್ಲರ ಮುಂದೆ ಒಪ್ಪಿಕೊಂಡ. ವಾರಿಜಾಗೆ ಹಿಗ್ಗೋ ಹಿಗ್ಗು.

ಗೆದ್ದ ಕರ್ಚೀಫು ಹಾರಿಸುತ್ತಾ ಎಲ್ಲರೂ ಬಯಲಿನಲ್ಲಿ ನೇರವಾಗಿ ಮನೆ ಕಡೆ ಓಡಿದರು. ಓಡುತ್ತಿದ್ದ ವಾರಿಜಾಳ ಕಾಲು ಒಂದು ಕಡೆ ತಾನಾಗಿಯೇ ಪಕ್ಕಕ್ಕೆ ಹೊರಳಿತು.

"ಏಯ್, ಅಲ್ಲೇನಿದೆ ಅಂತ ಸುತ್ತಾಕ್ಕೊಂಡು ಬರ್ತಿದೀಯ?" ಎಂದ ಕಿಟ್ಟಿ.

"ಬಾವಿ" ಎಂದಳು ವಾರಿಜಾ, ಪೂರ್ತಿ ಸುತ್ತಿಕೊಂಡೇ ಬಂದಳು.