ಸಂತೆಯ ದಿನ ಮುನಿಸಿಕೊಂಡ ಕಾರು

ಹಸಿ ಮೆಂತ್ಯೆಸೊಪ್ಪಿನ ವಾಸನೆಯೂ ಪೆಟ್ರೋಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದರೆ ಸಾಕು, ಸುಗಂಧಾಗೆ ಈಗಲೂ ತಾನು ಐದನೆಯ ಇಯತ್ತೆಯಲ್ಲಿದ್ದಾಗಿನ ಆ ಸಂತೆಯ ದಿನ ನೆನಪಾಗುತ್ತದೆ.

"ಅಪ್ಪಾ, ಗಾಡಿ ಒಂಚೂರು ಆ ಕಡೆ ಸರಸು!" ಎಂದು ಅವಳು ಅವತ್ತು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೂಗಿದ್ದಳು.

"ಯಾಕವಾ?" ಒಳಗಿಂದ ಅಪ್ಪ ಲಗಮಣ್ಣ ಕೇಳಿದ.

"ಸುಂದ್ರವ್ವಾಯಿ ಬಂದಾಳ. ಅಕಿ ಜಾಗಾದಾಗ ನಮ್ಮ ಕಾರ್ ನಿಂತೇತಿ."

ಚಿಕ್ಕೋಡಿಯ ನಿಪ್ಪಾಣಿ ರಸ್ತೆಯಲ್ಲಿ ಅವರ ಗ್ಯಾರೇಜು. ಮುಂದೆ ಒಂದು ಬೇವಿನ ಮರ. ಸಂತೆ ಬಂತೆಂದರೆ ಆ ಮರದ ನೆರಳು ಸುಂದ್ರವ್ವನದು. ಕಬ್ಬೂರಿನಿಂದ ಮೊದಲ ಬಸ್ಸಿಗೆ ಸೊಪ್ಪಿನ ಬುಟ್ಟಿ ಹೊತ್ತು ಬರುವ ಮುದುಕಿ ಅವಳು. ಅವತ್ತು ಕಾರನ್ನು ನೋಡಿದವಳು ರಸ್ತೆಯಾಚೆ ಹೋಗಿ ಬಿಸಿಲಲ್ಲೇ ಗೋಣಿ ಹಾಸತೊಡಗಿದ್ದಳು.

ಲಗಮಣ್ಣ ಹೊರಗೆ ಬಂದು ನೋಡಿದ. ನಕ್ಕ. ಕಾರಿನೊಳಗೆ ಕೂತು ಚಾಲೂ ಮಾಡಿ, ನಾಲ್ಕು ಮಾರು ಮುಂದೆ ಬಿಟ್ಟು, ಥಟ್ಟನೆ ಬಂದ್ ಮಾಡಿದ. ಎಂಜಿನ್ ಸುಮ್ಮನೆ ಓಡುತ್ತಿದ್ದರೆ ಅವನಿಗೆ ಆಗುತ್ತಿರಲಿಲ್ಲ. ಕೆಲಸ ಮುಗಿಯಿತೋ, ಕೀಲಿ ತಿರುವಿ ಬಂದ್ ಮಾಡುವುದೇ.

"ಬಾರಽ ಆಯಿ!" ಸುಗಂಧಾ ಓಡಿಹೋಗಿ ಬುಟ್ಟಿಯ ಒಂದು ಕಿವಿ ಹಿಡಿದಳು.

ಅದು ಅಂತಿಂಥ ಕಾರಲ್ಲ. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿದಷ್ಟು ತಗ್ಗು. ಗುಂಡಿ ಒತ್ತಿದರೆ ಮೂತಿಯ ಮೇಲಿನ ದೀಪಗಳು ಕಪ್ಪೆಯ ಕಣ್ಣಿನಂತೆ ಮೇಲೇಳುತ್ತಿದ್ದವು. ರಾಯಬಾಗದ ಬಾಬಾಸಾಹೇಬರ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಅವನೇ ಜಪಾನಿನಿಂದ ಅದನ್ನು ತರಿಸಿ, ಅಣ್ಣನ ಸುಪರ್ದಿಗೆ ಬಿಟ್ಟು ಮತ್ತೆ ಹಡಗು ಹತ್ತಿದ್ದ. ಒಂದು ವರ್ಷ ಕಾರು ಕೊಟ್ಟಿಗೆಯಲ್ಲಿ ನಿಂತು, ಇಲಿಗಳು ವೈರು ಕಡಿದು, ಪೈಪುಗಳು ಸೀಳಿಹೋಗಿದ್ದವು.

"ಟ್ರ್ಯಾಕ್ಟರ್ ರಿಪೇರಿ ಮಾಡಾಂವಗ ಇದೇನ ತಿಳೀತೈತ್ರಿ? ಮುಂಬೈಗೆ ಕಳಸ್ರಿ," ಎಂದು ಊರವರು ಹೇಳಿದರೂ ಬಾಬಾಸಾಹೇಬರು ಅದನ್ನು ಲಗಮಣ್ಣನ ಕೈಗೇ ಕೊಟ್ಟಿದ್ದರು. ಹದಿನೈದು ದಿನ ಅವನು ಅದರ ಹೊಟ್ಟೆಯೊಳಗೇ ತಲೆ ಇಟ್ಟುಕೊಂಡಿದ್ದ. ನಿನ್ನೆ ಸಂಜೆ ಅದು ಚಾಲೂ ಆದಾಗ ಓಣಿಯ ಹುಡುಗರೆಲ್ಲ ಕುಣಿದಿದ್ದರು. ಇವತ್ತು ಸಂಜೆಯ ರೈಲಿಗೆ ತಮ್ಮ ಮೀರಜಿಗೆ ಬರುತ್ತಾನೆ. ಅವನದೇ ಕಾರಿನಲ್ಲಿ ಅವನನ್ನು ಕರೆತರಬೇಕೆಂಬುದು ಬಾಬಾಸಾಹೇಬರ ಆಸೆ. ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿದ್ದರು.

ಬಿಸಿಲು ಏರಿತು. ಇನ್ನೊಮ್ಮೆ ನೋಡಿಬಿಡೋಣವೆಂದು ಲಗಮಣ್ಣ ಸೆಲ್ಫ್ ಹೊಡೆದ.

ಗರ್ ಗರ್ ಗರ್... ಅಷ್ಟೇ. ಮತ್ತೆ ಹೊಡೆದ. ಮತ್ತೆ ಗರ್ ಗರ್. ಪೆಟ್ರೋಲಿನ ವಾಸನೆ ಸೊಪ್ಪಿನ ಬುಟ್ಟಿಯವರೆಗೂ ಹಬ್ಬಿತು.

ಪಕ್ಕದ ಚಹಾದಂಗಡಿಯ ಶಮಶೇರ ಚಾಚಾ ಕೆಟಲ್ ಹಿಡಿದೇ ಬಂದ. "ಏನೋ ಲಗಮಣ್ಣಾ, ನಿನ್ನಿ ಹುಲಿ ಹಂಗ ಒದರತಿತ್ತು, ಇವತ್ತ ಬೆಕ್ಕ ಆತಲ್ಲೋ!"

ಸಂತೆಗೆ ಬಂದವರು ಒಬ್ಬೊಬ್ಬರಾಗಿ ನಿಂತರು. ಯಾರೋ ನಕ್ಕರು. "ನಾವು ಮದಲ ಹೇಳಿದ್ವಿ, ಮುಂಬೈ ಅಂತ."

"ಅಲ್ಲೋ, ಮುಂಜಾನಿ ಚಾಲೂ ಆಗಿತ್ತಲ್ಲ," ಎಂದ ಚಾಚಾ. "ಚಂದಾಗಿ ನೆರಳಾಗ ನಿಂತಿದ್ದ ಗಾಡಿ ಯಾಕ ಸರಸಾಕ ಹೋದಿ?"

'ಈಗ ಅಪ್ಪ ನನ್ನ ಹೆಸರು ಹೇಳತಾನ,' ಎಂದುಕೊಂಡಳು ಸುಗಂಧಾ. ಸುಂದ್ರವ್ವ ತಲೆ ಬಗ್ಗಿಸಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು.

ಲಗಮಣ್ಣ ಅತ್ತ ನೋಡಲೇ ಇಲ್ಲ. "ಗೇರ್ ಹೆಂಗ ಬೀಳತಾವ ನೋಡಬೇಕಿತ್ತೋ ಮಾರಾಯಾ," ಎಂದು ಬಾನೆಟ್ ಎತ್ತಿದ.

ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದ. ನಾಲ್ಕೂ ಪೆಟ್ರೋಲಿನಲ್ಲಿ ಮಿಂದು ಬಂದಂತಿದ್ದವು. ಒರೆಸಿದ, ಒಣಗಿಸಿದ, ಮತ್ತೆ ಹಾಕಿದ. ಊಹೂಂ. ಬ್ಯಾಟರಿ ಸೋತು, ಟ್ರ್ಯಾಕ್ಟರಿನ ಬ್ಯಾಟರಿ ತಂದು ಕೂಡಿಸಿದ್ದೂ ಆಯಿತು. ಎಂಜಿನ್ ಹಗುರಾಗಿ ಸುಮ್ಮನೆ ತಿರುಗುತ್ತಿತ್ತು, ಹಿಡಿತವೇ ಇರಲಿಲ್ಲ.

"ಅಪ್ಪಾ," ಸುಗಂಧಾ ಮೆಲ್ಲಗೆ ಕರೆದಳು. "ನಾ ಹೇಳಿದ್ದಕ್ಕ..."

"ನೀರ ತಗೊಂಬಾರವಾ, ನೀರಡಿಕಿ ಆಗೇತಿ," ಎಂದ ಅಪ್ಪ. ಅವಳ ಮಾತನ್ನು ಮುಗಿಯಲು ಬಿಡಲಿಲ್ಲ.

ಗ್ಯಾರೇಜಿನ ಮಗ್ಗುಲಿಗೆ ಹಳೆಯ ಕೈಪಂಪು ಇತ್ತು. ಸುಗಂಧಾ ಎರಡೂ ಕೈಯಿಂದ ಹಿಡಿಕೆ ಹೊಡೆದಳು. ಖಡಕ್ ಖಡಕ್. ಒಂದು ಹನಿಯೂ ಬರಲಿಲ್ಲ. ಅವಳಿಗೆ ಅಳುವೇ ಬಂತು. ಇವತ್ತು ಇದಕ್ಕೂ ಮುನಿಸೇ?

"ಬರೇ ಹೊಡದ್ರ ಬರೂದಿಲ್ಲ ಬೇ ಯವ್ವಾ," ಮರದ ಕೆಳಗಿಂದ ಸುಂದ್ರವ್ವ ಎದ್ದು ಬಂದಳು. "ಒಳಗ ನೀರ ಎಳಿಯೂ ತೊಗಲಿನ ಬಿಲ್ಲಿ ಒಣಗೇತಿ. ಒಣಗಿದ್ದು ಹೆಂಗ ಹಿಡೀಬೇಕ?" ಸೊಪ್ಪಿಗೆಂದು ಇಟ್ಟುಕೊಂಡಿದ್ದ ತಂಬಿಗೆಯ ನೀರನ್ನೆಲ್ಲ ಪಂಪಿನ ಬಾಯಿಗೆ ಸುರಿದಳು. "ಈಗ ಹೊಡಿ."

ಒಂದು ಸಲ, ಎರಡು ಸಲ. ಗುಳುಗುಳು ಎಂದಿತು. ಹಿಡಿಕೆ ಭಾರವಾಯಿತು. ಬಿಳಿ ಧಾರೆ ಭಳ್ಳನೆ ಬಂತು. ಸುಗಂಧಾ ಮೊದಲು ಆಯಿಯ ತಂಬಿಗೆ ತುಂಬಿ ಕೊಟ್ಟಳು.

"ಎಷ್ಟೊತ್ತ ಮಾಡಿದಿಯವಾ," ಎಂದ ಅಪ್ಪ, ಅವಳು ತಂದ ನೀರು ಇಸಿದುಕೊಳ್ಳುತ್ತ.

"ಪಂಪ ಹಿಡೀಲೇ ಇಲ್ಲಪಾ. ತೊಗಲ ಒಣಗಿತ್ತಂತ. ಆಯಿ ಮ್ಯಾಲಿಂದ ಒಂದ ತಂಬಿಗಿ ನೀರ ಹಾಕಿದ್ಲು, ಆಮ್ಯಾಲ ಹಿಡೀತು."

ನೀರು ಎತ್ತಿ ಕುಡಿಯುತ್ತಿದ್ದ ಲಗಮಣ್ಣ ಹಾಗೆಯೇ ನಿಂತುಬಿಟ್ಟ. ನೀರು ಗದ್ದದಿಂದ ಅಂಗಿಗೆ ಇಳಿಯಿತು.

"ಇನ್ನೊಮ್ಮಿ ಹೇಳು?"

ಅವಳು ಇನ್ನೊಮ್ಮೆ ಹೇಳಿದಳು.

"ಸುಗಂಧಾ! ಈ ಕಾರಿಗೆ ಪಿಸ್ಟನ್ ಇಲ್ಲಂತ ನಿನಗ ಹೇಳಿದ್ನೆಲ್ಲಾ? ದುಂಡನ್ನ ಡಬ್ಬಿಯೊಳಗ ಮೂರ ಮೂಲಿ ಬಿಲ್ಲಿ ತಿರಗತೈತಿ. ಮೂಲಿ ಗ್ವಾಡಿಗೆ ಒತ್ತಿ ಹಿಡದ್ರನ ಅದಕ್ಕ ದಮ್ಮು. ನಾ ಏನ ಮಾಡಿದೆ? ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಬಿಸಿ ಆಗೂದ್ರಾಗ ಬಂದ್ ಮಾಡಿದೆ. ಉಳದ ಪೆಟ್ರೋಲ್ ಗ್ವಾಡಿ ಮ್ಯಾಲಿನ ಎಣ್ಣಿ ಎಲ್ಲಾ ತೊಳದ ಬಿಟ್ಟೇತಿ. ಒಣಗ್ವಾಡಿ! ಹೆಂಗ ಹಿಡೀಬೇಕ?"

ಅವನ ಕೈಗೆ ಹೊಸ ಜೀವ ಬಂತು. ಎಂಜಿನ್ನಿಗೆ ಪೆಟ್ರೋಲು ಬರದಂತೆ ಕಾರಿನೊಳಗಿನ ಪೆಟ್ರೋಲ್ ಪಂಪಿನ ಫ್ಯೂಜ್ ಕಿತ್ತ. ಪ್ಲಗ್ಗು ಬಿಚ್ಚಿ ಸೆಲ್ಫ್ ಹೊಡೆದು, ಒಳಗಿದ್ದ ಪೆಟ್ರೋಲನ್ನೆಲ್ಲ ಹೊರಗೆ ಉಗುಳಿಸಿದ. ಸುಗಂಧಾ ಎಣ್ಣೆಯ ಕುಪ್ಪಿ ಹಿಡಿದಳು. ಪ್ಲಗ್ಗಿನ ತೂತುಗಳಲ್ಲಿ ಒಂದಿಷ್ಟೊಂದಿಷ್ಟು ಎಂಜಿನ್ ಆಯಿಲ್ ಬಿಟ್ಟು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಒಣಗಿದ ಪ್ಲಗ್ಗು, ಫ್ಯೂಜು ಮತ್ತೆ ಕೂಡಿಸಿದ.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಬಾಬಾಸಾಹೇಬರು ಇಳಿದರು.

ಲಗಮಣ್ಣ ಸೆಲ್ಫ್ ಹೊಡೆದ. ಗರ್... ಗರ್... ಈ ಸಲ ದನಿ ಭಾರವಾಗಿತ್ತು. ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಢಂ ಎಂದು ಬಿಳಿ ಹೊಗೆ ಕಾರಿ, ಗುರ್ ಎಂದು ಹಿಡಿದುಕೊಂಡಿತು! ಹೊಗೆಗೆ ಅರ್ಧ ಸಂತೆಯೇ ಕೆಮ್ಮಿತು. ಶಮಶೇರ ಚಾಚಾ ಕೆಟಲ್ಲಿಗೆ ಮುಚ್ಚಳ ಹಾಕಿ ಓಡಿದ.

"ಇದೇನೋ ಲಗಮಣ್ಣಾ, ಹಿಂಗ ಹೊಗಿ?" ಬಾಬಾಸಾಹೇಬರು ಗಾಬರಿಯಾದರು.

"ಸುಟ್ಟ ಎಣ್ಣಿ ಹೊಗಿ ರಿ ಸಾವಕಾರ್ರ, ಈಗ ಹೋಗತೈತಿ. ತಪ್ಪ ನಂದ ಐತ್ರಿ. ತಣ್ಣಗಿದ್ದಾಗ ಚಾಲೂ ಮಾಡಿ ಥಟ್ಟನ ಬಂದ್ ಮಾಡಿದ್ನಿ. ಇದಕ್ಕ ಅದು ಆಗಿ ಬರೂದಿಲ್ಲ. ಬಿಸಿ ಆಗೂತನಕ ಬಂದ್ ಮಾಡಬ್ಯಾಡ್ರಿ. ಎಣ್ಣಿನೂ ಜರಾ ಕುಡೀತೈತಿ, ಪೆಟ್ರೋಲ್ ಹಾಕಿಸಿದಾಗೊಮ್ಮಿ ನೋಡ್ರಿ."

ಹೊಗೆ ತೆಳುವಾಯಿತು. ಎಂಜಿನ್ ಜೇನುಹುಳುಗಳ ಹಾಗೆ ಒಂದೇ ಸಮ ಗುಂಯ್‌ಗುಡತೊಡಗಿತು. ಬಾಬಾಸಾಹೇಬರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

"ಮುಂಬೈಗೆ ಕಳಸಿದ್ರ ಏನಾದ್ರ ತಪ್ಪಾತಂದ್ರ ಅವರು ನನಗ ಹೇಳತಿದ್ದಿಲ್ಲ ನೋಡು," ಎಂದರು. "ಇನ್ನಮ್ಯಾಗ ಇದು ನಿನ್ನ ಕಡೇನ ಬರತೈತಿ." ಜೀಪನ್ನು ಡ್ರೈವರನಿಗೆ ಬಿಟ್ಟು, ತಾವೇ ಕಾರಿನಲ್ಲಿ ಕೂತರು. ಕೆಂಪು ಕಾರು ಮೀರಜಿನ ಕಡೆ ಹೊರಟಿತು. ಹುಡುಗರು ತಿರುವಿನವರೆಗೆ ಬೆನ್ನಟ್ಟಿದರು.

ಸುಗಂಧಾ ಓಡಲಿಲ್ಲ. ಸುಂದ್ರವ್ವ ಅವಳನ್ನು ಸನ್ನೆ ಮಾಡಿ ಕರೆದಿದ್ದಳು.

"ಖರೆ ಹೇಳ ಬೇ," ಮುದುಕಿಯ ದನಿ ಸಣ್ಣದಾಗಿತ್ತು. "ನನಗ ಜಾಗಾ ಮಾಡಾಕ ಹೋಗಿ ಅಪ್ಪಗ ಇಷ್ಟ ತ್ರಾಸ ಆತೇನ?"

ಸುಗಂಧಾ ಅಪ್ಪನ ಕಡೆ ನೋಡಿದಳು. ಅವನು ಗ್ಯಾರೇಜಿನ ಹೊಸ್ತಿಲಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದ. ಚಾಚಾನ ಮುಂದೆ ಗೇರ್ ನೋಡಬೇಕಿತ್ತು ಎಂದು ಅವನು ಯಾಕೆ ಹೇಳಿದನೆಂದು ಅವಳಿಗೆ ಈಗ ಗೊತ್ತಾಯಿತು.

"ನಿನ್ನ ತಂಬಿಗಿ ನೀರಿನಿಂದನ ಕಾರ್ ಚಾಲೂ ಆತ ಆಯಿ," ಎಂದಳು. "ಖರೇನ."

"ಹುಚ್ಚಿ! ನೀರಿಗೆ ಕಾರ್ ಚಾಲೂ ಆಗತೈತೇನ?"

"ಅಪ್ಪನ್ನ ಕೇಳ ಬೇಕಾದ್ರ."

ಸುಂದ್ರವ್ವ ಸೊಪ್ಪಿನ ಸಿವುಡುಗಳ ಹಿಂದಿನಿಂದ ಬುತ್ತಿಯ ಗಂಟು ತೆಗೆದಳು. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಒಂದು ಉಳ್ಳಾಗಡ್ಡಿ. ಎದ್ದು ಹೋಗಿ, ಎರಡು ರೊಟ್ಟಿಯ ಮೇಲೆ ಝುಣಕವಿಟ್ಟು, ಲಗಮಣ್ಣನ ಕರಿ ಕೈ ಮುಂದೆ ಹಿಡಿದಳು.