ಹದಿನೇಳನೆಯ ಪಿನ್ನು

"ಅಣ್ಣಾರೆ, ನಲವತ್ತು ಪಿನ್ನಿನಾಗ ಒಂದು ಕಾಣಿಸ್ತಿಲ್ಲ. ಮೂರು ಗಂಟೆಗೆ ಕಂಪನಿಯೋರು ಬರ್ತಾರೆ. ಅಷ್ಟರಾಗ ಸಿಗ್ಲಿಲ್ಲ ಅಂದ್ರೆ ನಮ್ಮ ಕೆಲಸಗಾರ ಕೊಟ್ರೇಶನ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡಲೇಬೇಕು!"

ಎಸ್.ಎಸ್. ಬಡಾವಣೆಯ ಮಾಲತೇಶಪ್ಪನವರ ಮನೆಯ ವರಾಂಡದಲ್ಲಿ ನಿಂತು ನಿಂಗರಾಜ್ ಏದುಸಿರು ಬಿಡುತ್ತಿದ್ದ. ಹರಿಹರದಲ್ಲಿ ಅವನದೊಂದು ಚಿಕ್ಕ ಲೇತ್ ಶೆಡ್ಡು. ಪಕ್ಕದ ಮನೆಯ ಗುರುಮೂರ್ತಿ ಅಲ್ಲೇ ಕುಳಿತು ಓದುತ್ತಿದ್ದ ಪೇಪರನ್ನು ಮಡಿಸಿಟ್ಟ. ಇನ್ನು ಸ್ಕೂಟರ್ ತೆಗೆಯುವುದೊಂದೇ ತನ್ನ ಕೆಲಸವೆಂದು ಅವನಿಗೆ ಗೊತ್ತಿತ್ತು.

ಮಾಲತೇಶಪ್ಪ ಮೂವತ್ತು ವರ್ಷ ಯಂತ್ರ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಕೂದಲೆಳೆಯಷ್ಟು ತಪ್ಪನ್ನೂ ಹಿಡಿಯುತ್ತಿದ್ದ ಆ ಕಣ್ಣು, ನಿವೃತ್ತಿಯಾದ ಮೇಲೆ ಊರವರು ಕಳೆದುಕೊಂಡದ್ದನ್ನು ಹುಡುಕುವ ಕಡೆ ತಿರುಗಿತ್ತು. ಗುರುಮೂರ್ತಿಯಾದರೋ ಶ್ರಾವಣ ಮಾಸದ ಪುರಾಣ ಕೇಳುತ್ತಲೇ ಬೆಳೆದವನು. ಮಾತು ಕಡಿಮೆ, ಕಿವಿ ಚುರುಕು. "ನೋಡೋದು ನಂದು, ಕೇಳೋದು ನಿಂದು" ಎಂದು ಮಾಲತೇಶಪ್ಪ ಅವನನ್ನು ಎಲ್ಲಿಗೆ ಹೋದರೂ ಜೊತೆಗೆ ಕರೆದೊಯ್ಯುತ್ತಿದ್ದರು.

ದಾರಿಯ ಬಾತಿ ಹಳ್ಳಿ ದಾಟಿ ಹರಿಹರ ಸೇರುವಾಗ ಹನ್ನೊಂದಾಗಿತ್ತು. ಶೆಡ್ಡಿನ ಬಾಗಿಲ ಪಕ್ಕದಲ್ಲೇ ಒಂದು ದೇವರ ಗೂಡು, ಅದರ ಮುಂದೆ ಕಬ್ಬಿಣದ ಪಟ್ಟಿಗೆ ತೂಗುಹಾಕಿದ ಗಂಟೆ. ಮಾಲತೇಶಪ್ಪ ರೂಢಿಯಂತೆ ಗಂಟೆ ಮುಟ್ಟಿ ಕೈಮುಗಿದರು. ಅವರ ಹಿಂದಿದ್ದ ಗುರುಮೂರ್ತಿ ಒಂದು ಗಳಿಗೆ ಹಾಗೇ ನಿಂತುಬಿಟ್ಟ. ನಾದ ಅಡಗುವ ತನಕ ಅವನು ಹೆಜ್ಜೆ ಎತ್ತಲಿಲ್ಲ.

ಒಳಗೆ ಕೊಟ್ರೇಶ ತನ್ನ ಯಂತ್ರದ ಬುಡದಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಹನ್ನೆರಡು ವರ್ಷದಿಂದ ಅಲ್ಲೇ ದುಡಿಯುತ್ತಿದ್ದವನು. "ಬಾಗಿಲು ತೆಗೆದೋನು ನಾನೇ ಸರ್. ಅದಕ್ಕ ನಾನೇ ಕಳ್ಳ" ಎಂದಷ್ಟೇ ಹೇಳಿದ.

ಅಳತೆ ಕೋಣೆಯ ಉಸ್ತುವಾರಿ ನೇತ್ರಾವತಿಯದು. ಅವಳು ನಡೆದದ್ದನ್ನು ಹೇಳಿದಳು. ಅಮೆರಿಕದ ಹಾಲ್‌ಬ್ರೂಕ್ ಕಂಪನಿಯ ಯುದ್ಧವಿಮಾನದ ಚಕ್ರ ಮುಚ್ಚುವ ಬಾಗಿಲಿಗೆ ಬೇಕಾದ, ಬೆರಳುದ್ದದ ಉಕ್ಕಿನ ಪಿನ್ನುಗಳ ಮೊದಲ ಆರ್ಡರು ಅದು. ನಿನ್ನೆ ಸಂಜೆ ಎಣಿಸಿ ಬೀಗ ಹಾಕುವಾಗ ಟ್ರೇಯಲ್ಲಿ ನಲವತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಕೊಟ್ರೇಶ ಬಾಗಿಲು ತೆಗೆದ. ಒಂಬತ್ತಕ್ಕೆ ಅವಳು ಬಂದು ಎಣಿಸಿದರೆ ಮೂವತ್ತೊಂಬತ್ತು.

"ಎಂಟರಿಂದ ಒಂಬತ್ತರ ತನಕ ಒಳಗೆ ಬಂದೋರು ಯಾರು?" ಎಂದು ಮಾಲತೇಶಪ್ಪ ಕೇಳಿದರು.

"ಯಾರೂ ಇಲ್ಲ" ಎಂದ ನಿಂಗರಾಜ್. "ದಿನದ ಹಂಗೇ. ಕೊಟ್ರೇಶ ಒಬ್ನೇ."

"ಒಂದು ಪಿನ್ನಿಗೆ ಇಷ್ಟು ಗಾಬರಿ ಯಾಕ?"

"ಯುದ್ಧದ ಮಾಲು ಅಣ್ಣಾರೆ! ಒಂದೊಂದಕ್ಕೂ ನಂಬರು, ಒಂದೊಂದಕ್ಕೂ ಕಾಗದ. ಎಲ್ಲಿ ಹೋತು ಅಂತ ಹೇಳಾಕ ಬರಲಿಲ್ಲ ಅಂದ್ರ ಆರ್ಡರು ಹೋಗತೈತೆ, ನಮ್ಮ ಹೆಸರೂ ಹೋಗತೈತೆ."

ಟ್ರೇಯಲ್ಲಿ ಹದಿನೇಳನೆಯ ಗೂಡು ಖಾಲಿಯಿತ್ತು. ಅದರ ತಳದಲ್ಲಿ ಕಂದು ಬಣ್ಣದ ಚೂರೊಂದು ಅಂಟಿತ್ತು. ಗೋಡೆಯಿಂದ ಇರುವೆಗಳ ಸಾಲು ನೇರ ಅಲ್ಲಿಗೇ ಬಂದಿತ್ತು.

"ಈ ರೂಮಿನಾಗ ನೀರು ಕುಡಿಯಾಕೂ ನಾನು ಬಿಡಂಗಿಲ್ಲ" ಎಂದು ನೇತ್ರಾವತಿ ಸಿಡುಕಿದಳು. "ಈ ಇರುವೆ ಎಲ್ಲಿಂದ ಬಂದ್ವೋ!"

"ಒಂದನೇದು ಬಿಟ್ಟು, ನಲವತ್ತನೇದು ಬಿಟ್ಟು, ನಡುವಿನ ಹದಿನೇಳಕ್ಕೇ ಯಾಕ ಕೈ ಹಾಕಿದ್ರು?" ಎನ್ನುತ್ತ ಮಾಲತೇಶಪ್ಪ ಕೆಲಸದ ಕಾರ್ಡು ತರಿಸಿ ಓದಿದರು. ಮೊದಲು ತಯಾರಾದ ಪಿನ್ನನ್ನು ಪೂರ್ತಿ ತಪಾಸಣೆಗೆಂದು ಎರಡು ದಿನ ಬೇರೆ ಇಟ್ಟಿದ್ದರು. ಅದು ವಾಪಸು ಬರುವಷ್ಟರಲ್ಲಿ ಹದಿನಾರಕ್ಕೆ ನಂಬರು ಕೆತ್ತಿಯಾಗಿತ್ತು. ಹಾಗಾಗಿ ಅದಕ್ಕೆ ಸಿಕ್ಕಿದ್ದು ಹದಿನೇಳು.

"ಇದು ಯಾರಿಗೆಲ್ಲ ಗೊತ್ತು?"

"ನನಗ, ಕೊಟ್ರೇಶಗ" ಎಂದಳು ನೇತ್ರಾವತಿ. "ಊಟದ ಹೊತ್ತಿನಾಗ ಮಾತಿಗೆ ಬೇರೆಯೋರಿಗೆ ಹೇಳಿದ್ದೂ ಇರಬಹುದು."

ಅವಳ ಮೇಜಿನ ಮೇಲೆ ಕಂಪನಿ ಕಳಿಸಿದ್ದ ದಪ್ಪ ಪುಸ್ತಕವಿತ್ತು. ನೂರು ವರ್ಷದ ಚರಿತ್ರೆ. ಒಂದು ಪುಟದಲ್ಲಿ ಚೆಂಡು ಹೂವಿನ ಎಸಳು ಒಣಗಿತ್ತು. ಮಾಲತೇಶಪ್ಪ ಆ ಪುಟ ಓದಿ ನಕ್ಕರು. ಗುರುಮೂರ್ತಿ ಅವರ ಕಿವಿಯಲ್ಲಿ ಏನೋ ಹೇಳಿದ. ಅವರ ನಗು ಇನ್ನಷ್ಟು ಅಗಲವಾಯಿತು.

"ನಿಂಗರಾಜ್, ನಿಮ್ಮ ಅವ್ವಾರನ್ನ ಕರೀರಿ."

"ಅವ್ವಗ ಬ್ಯಾಡ್ರಿ! ಬಿ.ಪಿ. ಐತೆ ಅಂತ ಯಾರೂ ಅವಳಿಗೆ ಸುದ್ದಿನೇ ಮುಟ್ಟಿಸಿಲ್ಲ."

"ಅದಕ್ಕೇ ಇಷ್ಟೆಲ್ಲ ಆಗಿದ್ದು. ಮೂರಕ್ಕ ಕಂಪನಿಯೋರು ಬಂದಾಗ ಅವರೂ ಇಲ್ಲಿರ್ಲಿ. ಕರೀರಿ."

ಮೂರಕ್ಕೆ ಬೆಂಗಳೂರಿನಿಂದ ಕಂಪನಿಯ ತಪಾಸಕಿ ಅಂಕಿತಾ ಬಂದಳು. ನಿಂಗರಾಜನ ತಾಯಿ ಅಂಜಿನವ್ವ ಸೆರಗು ಹೊದ್ದು ಸ್ಟೂಲಿನ ಮೇಲೆ ಕುಳಿತರು. ಎಲ್ಲರೂ ಸುತ್ತ ನೆರೆದ ಮೇಲೆ ಮಾಲತೇಶಪ್ಪ ಶುರುಮಾಡಿದರು.

"ಕಳ್ಳ ಆಗಿದ್ರೆ ಕೈಗೆ ಸಿಕ್ಕಿದ್ದು ಎತ್ತುತಿದ್ದ. ಇಲ್ಲಿ ಹೋಗಿದ್ದು ಹುಟ್ಟಿದ್ರಾಗ ಮೊದಲನೇದು. ಅಂದ್ರ ಎತ್ತಿದೋರಿಗೆ ಬೇಕಾಗಿದ್ದು ಉಕ್ಕಲ್ಲ, ಚೊಚ್ಚಲು. ಇನ್ನ ಖಾಲಿ ಗೂಡಿನಾಗ ಬೆಲ್ಲದ ಚೂರು. ತಗೊಂಡ ಜಾಗ ಬರಿದು ಬಿಡಬಾರದು ಅನ್ನೋದು ಹಳೇ ಹೆಂಗಸರ ಪದ್ಧತಿ. ಕಳ್ಳ ಎಲ್ಲಿಯಾದ್ರೂ ಬೆಲ್ಲ ಇಟ್ಟು ಹೋಗ್ತಾನೇನು? ಇರುವೆ ಬಂದಿದ್ದು ಅದಕ್ಕೆ."

ಅವರು ಪುಸ್ತಕ ತೆರೆದರು. "ಈ ಹಾಲ್‌ಬ್ರೂಕ್ ಅನ್ನೋನು ಕಮ್ಮಾರನ ಮಗ. ಮೊದಲು ರೈತರ ಬಾವಿಗೆ ಪಂಪು ಮಾಡ್ತಿದ್ದ. ಆಮ್ಯಾಲೆ ಟಪಾಲಿನ ವಿಮಾನ. ದೊಡ್ಡ ಯುದ್ಧ ಬಂದಾಗ ಸರ್ಕಾರ ಬಾಗಿಲಿಗೆ ಬಂತು, ಸಣ್ಣ ಕಂಪನಿಗಳನ್ನ ನುಂಗಿ ನುಂಗಿ ಬೆಳೆದ. ಈಗ ಲಕ್ಷ ಜನ ಕೆಲಸಕ್ಕಿದ್ದಾರೆ, ಪಿನ್ನು ಮಾಡಾಕ ಹರಿಹರದ ತನಕ ಬಂದಾರೆ. ಆದ್ರ ಅವನು ಮಾಡಿದ ಮೊದಲ ಪಂಪಿನ ಹಿಡಿಕೆ ಇವತ್ತಿಗೂ ಅವರ ಹೆಬ್ಬಾಗಿಲಾಗ ಗಾಜಿನ ಪೆಟ್ಟಿಗೆಯೊಳಗ ಐತಂತೆ, ಮಾರಲಿಲ್ಲ. ಈ ಪುಟಕ್ಕ ಹೂವಿನ ಎಸಳು ಇಟ್ಟೋರು ಯಾರು?"

"ಅಜ್ಜಿ. ಊಟದ ಹೊತ್ತಿನಾಗ ನಾನೇ ಓದಿ ಹೇಳಿದ್ದೆ, ಮೊದಲನೇ ಪಿನ್ನು ಯಾವುದು ಅಂತಾನೂ ಹೇಳಿದ್ದೆ" ಎಂದಳು ನೇತ್ರಾವತಿ ಸಣ್ಣ ದನಿಯಲ್ಲಿ.

"ಇನ್ನ 'ಯಾರೂ ಬಂದಿಲ್ಲ' ಅನ್ನೋ ಮಾತು. ದಿನಾ ಬೆಳಿಗ್ಗೆ ಯಂತ್ರಕ್ಕೆಲ್ಲ ಊದುಬತ್ತಿ ಬೆಳಗೋರು ಯಾರು? ಗಾಳಿ ಬೆಳಕು ಬಂದಂಗ ಅವರು ಬರ್ತಾರೆ, ನೀವು ಲೆಕ್ಕಕ್ಕೇ ಹಿಡಿಯಲ್ಲ. ಪಿನ್ನು ಎಲ್ಲೈತೆ ಅಂತ ಹೇಳಿದ್ದು ಮಾತ್ರ ನಮ್ಮ ಗುರುಮೂರ್ತಿ ಕಿವಿ. ಹೇಳಪ್ಪಾ."

ಎಲ್ಲರೂ ತನ್ನತ್ತ ತಿರುಗಿದಾಗ ಗುರುಮೂರ್ತಿ ನಾಚಿಕೊಂಡ. "ಹೋದ ಆಯುಧಪೂಜೆಗೆ ಬಂದಾಗ ಆ ಗಂಟೆ ಸೊಟ್ಟ ಮೊಳೆಗೆ ನೇತಾಡ್ತಿತ್ತು. ಸೌಟಿನಿಂದ ಪಾತ್ರೆ ಬಡಿದಂಗ 'ಠಕ್' ಅಂತಿತ್ತು. ಇವತ್ತು ಸಲೀಸಾಗಿ ತೂಗಿ ಹಾಡಿತು."

ನಿಂಗರಾಜ್ ಓಡಿಹೋಗಿ ನೋಡಿದ. ಮೊಳೆಯ ಜಾಗದಲ್ಲಿ ಹದಿನೇಳನೆಯ ಪಿನ್ನು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಅವ್ವಾ! ಹೇಳಬಾರದಿತ್ತೇನು?"

"ನೀವು ಕೇಳಿದ್ರೇನೋ?" ಎಂದರು ಅಂಜಿನವ್ವ. "ಗಂಟೆಗೊಂದು ಪಿನ್ನು ಹಾಕಪ್ಪಾ ಅಂತ ವರ್ಷದಿಂದ ಬಡ್ಕೊಂಡೆ. ಅಮೆರಿಕದೋರಿಗೆ ಮಾಡಾಕ ಹೊತ್ತಿತ್ತು, ದೇವರಿಗೆ ಮಾಡಾಕ ಇರ್ಲಿಲ್ಲ ನಿನಗ. ಮೂವತ್ತೊಂಬತ್ತು ಮಕ್ಕಳು ಯುದ್ಧಕ್ಕ ಹೊಂಟಾವೆ. ಚೊಚ್ಚಲದ್ದೊಂದು ಮನ್ಯಾಗಿರ್ಲಿ ಅಂತ ತಗೊಂಡೆ. ಅವನೂ ಮಾರಲಿಲ್ಲಲ್ಲ, ಆ ಕಮ್ಮಾರನ ಮಗ." ಆಗಷ್ಟೇ ಕೊಟ್ರೇಶನ ಮುಖ ನೋಡಿದ ಅವರ ದನಿ ಕುಸಿಯಿತು. "ಇವನ ಮ್ಯಾಲೆ ಹಾಕಿದ್ರಾ? ಅಯ್ಯೋ ನನ್ನಪ್ಪಾ..."

ಅಂಕಿತಾ ತನ್ನ ಕಾಗದದಲ್ಲಿ ಹದಿನೇಳರ ಸಾಲಿಗೆ ಗುರುತು ಹಾಕಿದಳು. "ಪಿನ್ನು ಶೆಡ್ ಬಿಟ್ಟು ಹೋಗಿಲ್ಲ, ಹಾಗಾಗಿ ಆರ್ಡರ್‌ಗೆ ತೊಂದರೆ ಇಲ್ಲ. ನಡೆದದ್ದನ್ನ ನಡೆದ ಹಾಗೇ ಬರೀತೀನಿ. ಆದರೆ ಟ್ರೇಯಿಂದ ಹೊರಗೆ ಬಂದ ಪಿನ್ನು ಇನ್ನು ವಿಮಾನಕ್ಕೆ ಆಗಲ್ಲ. ನನ್ನ ಕಣ್ಣೆದುರೇ ಅದನ್ನ ಎರಡು ತುಂಡು ಮಾಡಬೇಕು."

ಅಂಜಿನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ತುಂಡು ಮಾಡಿದ ಮ್ಯಾಲೆ ಅದು ಯಾರದು ತಾಯಿ?" ಎಂದು ಕೇಳಿದರು ಮಾಲತೇಶಪ್ಪ.

"ಗುಜರಿ. ಶೆಡ್ಡಿನದೇ."

"ಗಂಟೆ ತೂಗಾಕ ಅರ್ಧ ಪಿನ್ನು ಸಾಲದೇನು, ಕೊಟ್ರೇಶ?"

ಆ ದಿನ ಮೊದಲ ಬಾರಿಗೆ ಕೊಟ್ರೇಶ ತಲೆ ಎತ್ತಿದ. "ಧಾರಾಳ ಸಾಕು ಸರ್."

ಅವನೇ ಕೊಯ್ದ, ಚೂಪಾದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಅವನೇ ಗಂಟೆಗೆ ತೂರಿಸಿದ. ನಿಂಗರಾಜ್ ಅವನ ಹೆಗಲ ಮೇಲೆ ಕೈ ಇಟ್ಟ. ಅಂಜಿನವ್ವ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಬೆಲ್ಲವನ್ನು ಕೊಟ್ರೇಶನ ಅಂಗೈಗೆ ಹಾಕಿದರು.

"ಇವತ್ತು ನೀನೇ ಬಾರಿಸಪ್ಪಾ."

ಕೊಟ್ರೇಶ ಬಾರಿಸಿದ. ಲೇತುಗಳ ಮೇಲೆ, ಟ್ರೇಯಲ್ಲಿ ಹೊರಟು ನಿಂತ ಮೂವತ್ತೊಂಬತ್ತರ ಮೇಲೆ ಆ ನಾದ ಹಾದುಹೋಯಿತು. ಗುರುಮೂರ್ತಿ ಕಣ್ಣು ಮುಚ್ಚಿ, ಅದು ಪೂರ್ತಿ ಅಡಗುವ ತನಕ ಕೇಳಿಸಿಕೊಂಡ. ಆಮೇಲಷ್ಟೇ ಸ್ಕೂಟರಿನ ಕೀಲಿ ತೆಗೆದ.